ಫ್ರಿಜ್ಜು ಆರಿಸಿದ ಟ್ರಕ್ಕು

ಘಾಟಿ ಇಳಿದು, ಚಾರ್ಜಿಂಗ್ ಸಿಗದ ಕಡಲತೀರದಲ್ಲಿ ಮೂರು ದಿನ ಡೇರೆ ಹೂಡಲು ಹೊರಟ ಕರೆಂಟ್ ಟ್ರಕ್ಕು ಕುಣಿಯುತ್ತಲೇ ಫ್ರಿಜ್ಜಿನ ಅಂಗಡಿಗೆ ನುಗ್ಗಿತು.

“ನನ್ನನ್ನು ಒಯ್ಯಿರಿ ಧಣಿ! ಮೀನನ್ನು ಕಲ್ಲಿನಂತೆ ಗಟ್ಟಿ ಮಾಡ್ತೀನಿ, ದೀಪ ಹಾಕ್ತೀನಿ, ಹಾಡೂ ಹೇಳ್ತೀನಿ!” ಎಂದಿತು ದೊಡ್ಡ ಫ್ರಿಜ್ಜು.

ಖುಷಿಗೆ ಟ್ರಕ್ಕಿನ ಹಾರ್ನು ತಾನಾಗಿಯೇ ಕೂಗಿತು. ಎದುರು ಬೀದಿಯ ಮದುವೆ ದಿಬ್ಬಣ ಹೆದರಿ ದಾರಿ ಬಿಟ್ಟಿತಂತೆ.

ಆಗ ಮೂಲೆಯ ಪುಟ್ಟ ಫ್ರಿಜ್ಜು ಕೇಳಿತು: “ಅಣ್ಣ, ವಾಪಸ್ ಘಾಟಿ ಹತ್ತೋಕೆ ನಿಮಗೆಷ್ಟು ಚಾರ್ಜ್ ಬೇಕು? ನಾವು ಕುಡಿಯೋದು ನಿಮ್ಮ ಬ್ಯಾಟರೀನೇ. ಅಷ್ಟು ಉಳಿದಾಗ ನಾನು ಕುಡಿಯೋದು ನಿಲ್ಲಿಸ್ತೀನಿ.”

ಟ್ರಕ್ಕು ದೊಡ್ಡದರತ್ತ ತಿರುಗಿತು. “ನೀನೆಷ್ಟು ಕುಡೀತೀಯ?”

“ಹಬ್ಬದೂಟಕ್ಕೆ ಕೂತವರ ತುತ್ತು ಎಣಿಸ್ತಾರಾ ಧಣಿ?”

ಟ್ರಕ್ಕು ಹಿಂಬಾಗಿಲು ತೆರೆದು ಪುಟ್ಟದಕ್ಕೆ ಕೂಗಿತು: “ಹತ್ತು ಮಾರಾಯ, ಬೇಗ ಹತ್ತು! ಮೀನು ಕೊಂಚ ಮೆತ್ತಗಾದರೆ ಸಾರು ಮಾಡಿದರಾಯ್ತು. ಚಾರ್ಜ್ ಮುಗಿದು ಘಾಟಿಯಲ್ಲಿ ನನ್ನನ್ನು ಎತ್ತುಗಳು ಎಳೆದರೆ ಮುಖ ಎಲ್ಲಿಡಲಿ?”