ನೈವೇದ್ಯದ ಹುಳಿಗೆ ಉಪ್ಪು ಬಿತ್ತೇ

ದೇವಸ್ಥಾನದ ಅಡುಗೆಮನೆಗೆ ಹೊಸ ಪಾರುಪತ್ಯಗಾರ ರಾಯರು ಕಟ್ಟಳೆ ತಂದರು. "ಕೆಲಸದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಮಾತಾಡಕೂಡದು. ಏನಿದ್ದರೂ ನನಗೆ ಹೇಳಿ, ನಾನು ತಿಳಿಸುತ್ತೇನೆ. ತಪ್ಪಿದವನಿಗೆ ಕೆಲಸವಿಲ್ಲ."

ನಮ್ಮನ್ನು ಒಡೆದು ಆಳುವ ಹುನ್ನಾರವಿದು ಎಂದು ಹುಳಿ ಕುದಿಸುವ ಅಚ್ಚಣ್ಣನಿಗೆ ಗುಮಾನಿ ಬಂತು. ಆದರೂ ಕೈಮುಗಿದ.

ಮರುದಿನ ಒಲೆಯ ಮುಂದಿನಿಂದಲೇ ಕರೆದ. "ರಾಯರೇ, ಹುಳಿಗೆ ಉಪ್ಪು ಬಿತ್ತೋ ಇಲ್ಲವೋ, ಉಪ್ಪು-ಖಾರ ಹಾಕುವ ಪದ್ದಣ್ಣನನ್ನು ಕೇಳಿ ಬನ್ನಿ."

"ರುಚಿ ನೋಡಯ್ಯಾ."

"ದೇವರಿಗೆ ಎಂಜಲು ಇಡೋಣವೇ?"

ರಾಯರು ಹೊಗೆಯಲ್ಲಿ ಓಡಿದರು. ಅಷ್ಟರಲ್ಲಿ ಪಾಯಸದವನು ಬೆಲ್ಲ ಬಿತ್ತೇ ಕೇಳಿ ಬನ್ನಿ ಎಂದ, ಪಲ್ಯದವನು ಒಗ್ಗರಣೆ ಆಯಿತೇ ಕೇಳಿ ಬನ್ನಿ ಎಂದ. ನೈವೇದ್ಯದ ಗಂಟೆ ಹತ್ತಿರವಾಗುವಾಗ ರಾಯರ ಪಂಚೆಯೆಲ್ಲ ಮಸಿ.

"ಮಾರಾಯರೇ, ನಿಮ್ಮ ಕಟ್ಟಳೆ ನೀವೇ ಹೇಳಿ," ಎಂದು ಅಚ್ಚಣ್ಣನ ಮುಂದೆ ಬಂದು ನಿಂತರು.

"ಏನು ಹಾಕಿದರೂ ಹಾಕಿದವನು ಕೂಗಿ ಹೇಳಬೇಕು, ಕೇಳಿದವನಿಗೆ ಸಿಡುಕದೆ ಉತ್ತರ ಕೊಡಬೇಕು. ಇಷ್ಟೇ. ಬರೆದು ರುಜು ಹಾಕಿಬಿಡಿ."

ರಾಯರು ಬರೆದುಕೊಟ್ಟರು. ಅಚ್ಚಣ್ಣ ಅದನ್ನು ಎರಡು ಸಲ ಓದಿ, ಆಮೇಲೆಯೇ ಪದ್ದಣ್ಣನ ಕಡೆ ತಿರುಗಿ ಬಾಯಿ ತೆರೆದ.