ಬದನೆ ಬೇರಿಗೆ ಬಂದ ಗಂಟು

ಕೂತ್ಕೊಳ್ಳಿ ಮಕ್ಕಳಾ. ಗಲಾಟೆ ಮಾಡಿದ್ರೆ ಹೇಳಲ್ಲ, ನೋಡಿ!

ಒಂದು ರಾಜ್ಯ. ಅಲ್ಲಿಯ ರಾಜನ ಹಿತ್ತಲಲ್ಲಿ ಒಂದು ಬದನೆ ಗಿಡ. ಮೇಲೆ ಎಲೆಯಮ್ಮ, ಮಣ್ಣೊಳಗೆ ಅವಳ ಅಣ್ಣ ಬೇರಣ್ಣ. ಅವಳು ಬಿಸಿಲಲ್ಲಿ ಅಡುಗೆ ಮಾಡಿ ಊಟ ಕೆಳಗೆ ಕಳಿಸ್ತಾಳೆ, ಅವನು ನೀರು ಮೇಲೆ ಕಳಿಸ್ತಾನೆ.

ಬೇರಣ್ಣನಿಗೆ ಒಂದು ಹೊಟ್ಟೆಕಿಚ್ಚು. ಪಕ್ಕದ ಸಾಲಿನ ಕಡಲೆಕಾಯಿ ಗಿಡದ ಬೇರಿಗೆ ಮುತ್ತಿನಂಥ ಗಂಟುಗಳಿದ್ವು. ಆ ಗಂಟುಗಳಿಂದ ಆ ಗಿಡ ಸೊಂಪಾಗಿತ್ತು. "ನಂಗ್ಯಾಕಿಲ್ಲ?" ಅಂತ ಇವನಿಗೆ ಒಳಗೊಳಗೇ ಉರಿ.

ಒಂದು ದಿನ ಕಣ್ಣಿಗೂ ಕಾಣದಷ್ಟು ಸಣ್ಣ ಹುಳವ್ವ ಬಂದ್ಲು. "ಬೇರಣ್ಣಾ, ಒಳಗೆ ಬಿಡು. ನಿಂಗೂ ಗಂಟು ಮಾಡಿಕೊಡ್ತೀನಿ." ಇವನು ಹಿಂದೆಮುಂದೆ ನೋಡದೆ ಬಿಟ್ಟ.

ಬೇರೊಳಗೆ ಸಾವಿರಾರು ಪುಟ್ಟ ಕೋಣೆ. ಕೋಣೆಗೊಂದು ತಿರುಳು. ತಿರುಳು ಎರಡಾದ್ರೆ ನಡುವೆ ಗೋಡೆ ಏಳಬೇಕು, ಕೋಣೆಯೂ ಎರಡಾಗಬೇಕು. ಅದು ಆ ಮನೆ ಪದ್ಧತಿ. ಹುಳವ್ವ ಎಂಜಲು ಉಗುಳಿ, "ಗೋಡೆ ಯಾಕ್ರೋ? ಸುಮ್ನೆ ದಪ್ಪಗಾಗಿ" ಅಂದ್ಲು. ಒಂದು ಕೋಣೆ ಉಬ್ಬಿತು. ಇನ್ನೊಂದು ಉಬ್ಬಿತು. ಮತ್ತೊಂದೂ ಉಬ್ಬಿತು. ಒಂದೊಂದರಲ್ಲೂ ಹತ್ತಾರು ತಿರುಳು, ಗೋಡೆ ಮಾತ್ರ ಇಲ್ಲ! ಎಲೆಯಮ್ಮ ಕಳಿಸಿದ ಊಟವೆಲ್ಲ ಅಲ್ಲೇ ತುಂಬಿತು. ಹುಳವ್ವ ಕೂತಲ್ಲೇ ಹೀರಿ ಹೀರಿ ಗುಡಾಣ ಆದ್ಲು. ಗಂಟೇನೋ ಬಂತು, ನೀರಿನ ದಾರಿ ಮುಚ್ಚಿಹೋಯ್ತು.

"ಅಣ್ಣಾ, ನೀರು!" ಅಂತ ಎಲೆಯಮ್ಮ ಕೂಗಿದ್ಲು. "ಬಂತಮ್ಮಾ" ಅಂದ. ಮರುದಿನ ಕೂಗಿದ್ಲು. "ಬಂತಮ್ಮಾ." ಮೂರನೇ ದಿನ ಅವಳ ದನಿಯೇ ಬತ್ತಿತ್ತು. ಆಗಲೂ "ಬಂತಮ್ಮಾ"! ಛೀ, ಹೇಳೋಕೆ ನಂಗೇ ನಾಚಿಕೆ ಆಗುತ್ತೆ.

ಹಿತ್ತಲು ನೋಡ್ಕೊಳ್ಳೋ ನೀಲವ್ವ ಬಂದು ಬಾಡಿದ ಗಿಡ ನೋಡಿ, "ಹುಣ್ಣಿಮೆಯೊಳಗೆ ಇದು ತಲೆ ಎತ್ತಲಿಲ್ಲ ಅಂದ್ರೆ ಕಿತ್ತು ಒಲೆಗೆ ಹಾಕ್ತೀನಿ" ಅಂದ್ಲು.

ಬೇರಣ್ಣ ಸುತ್ತ ಸಹಾಯ ಹುಡುಕಿದ. ಪಕ್ಕದಲ್ಲೇ ಚೆಂಡುಹೂವಿನ ಗಿಡ, ಚೆಂಡಕ್ಕ, ಇದ್ಲು. ಅವಳ ಬೇರಲ್ಲಿ ಈ ಹುಳಗಳ ಎಂಜಲು ನಾಟೋಲ್ಲ. "ನಾತ, ನಾತ" ಅಂತ ಅವಳನ್ನ ದಿನಾ ಆಡಿಕೊಂಡವನು ಇವನೇ. ಈಗ ಯಾವ ಮುಖ ಇಟ್ಕೊಂಡು ಕೇಳೋದು? ಆದ್ರೂ ಕೇಳಿದ.

"ಅಕ್ಕಾ, ತಪ್ಪಾಯ್ತು. ನನ್ನ ತಂಗಿ ಸಾಯ್ತಾಳೆ."

"ಮೊದಲು ಅವಳಿಗೆ ನಿಜ ಹೇಳು" ಅಂದ್ಲು ಚೆಂಡಕ್ಕ.

ಹೇಳಿದ. ಎಲೆಯಮ್ಮ ಒಂದು ಮಾತೂ ಬೈಯಲಿಲ್ಲ. "ಉಳಿದಿರೋ ಊಟ ಕಳಿಸ್ತೀನಿ, ಹೊಸ ಬೇರು ಬಿಡಣ್ಣಾ" ಅಂದ್ಲು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಅಷ್ಟರಲ್ಲಿ ಹುಳವ್ವ ಇಟ್ಟಿದ್ದ ಮೊಟ್ಟೆ ಒಡೆದು ಮರಿಗಳು ಹೊಸ ಬೇರಿನ ಕಡೆ ಹೊರಟವು. "ಬನ್ರೋ, ನನ್ನ ಬೇರು ಮೆತ್ತಗಿದೆ!" ಅಂತ ಚೆಂಡಕ್ಕ ಕರೆದ್ಲು. ಎಲ್ಲ ನುಗ್ಗಿದವು. ಒಂದು ಕೋಣೆಗೆ ಉಗುಳಿದವು, ಉಬ್ಬಲಿಲ್ಲ. ಇನ್ನೊಂದಕ್ಕೆ ಉಗುಳಿದವು, ಉಬ್ಬಲಿಲ್ಲ. ಮತ್ತೊಂದೂ ಉಬ್ಬಲಿಲ್ಲ. ಹೊಟ್ಟೆಗಿಲ್ಲದೆ ಅಲ್ಲೇ ಸತ್ತವು. "ಅಯ್ಯೋ ಮೋಸ!" ಅಂತ ಹುಳವ್ವ ಅರಚಿದ್ಲು. ಕೊಬ್ಬಿ ಕೂತವಳಿಗೆ ಅಲ್ಲಾಡೋಕೂ ಆಗಲಿಲ್ಲ. ಅಲ್ಲೇ ಮುದಿಯಾಗಿ ಸತ್ಲು.

ಹುಣ್ಣಿಮೆ ದಿನ ಹೊಸ ಬೇರಿಂದ ನೀರು ಏರಿತು. ಎಲೆಯಮ್ಮ ತಲೆ ಎತ್ತಿದ್ಲು. ನೀಲವ್ವ ಬರಿಗೈಲಿ ವಾಪಸ್ ಹೋದ್ಲು.

ನೋಡಿ ಮಕ್ಕಳಾ, ಪಕ್ಕದವರದ್ದು ನೋಡಿ ಉರ್ಕೊಂಡು ಕಂಡಕಂಡವರಿಗೆ ಬಾಗಿಲು ತೆಗೀಬೇಡಿ. ತೆಗೆದ್ರೂ ಮನೆಯವರ ಹತ್ರ ಮುಚ್ಚಿಡಬೇಡಿ. ಬೇರಣ್ಣನ ಹಳೇ ಗಂಟು ಹೋಗಲೇ ಇಲ್ಲ. "ನೀರು ಬಂತಣ್ಣಾ" ಅಂತ ತಂಗಿ ಅಂದಾಗೆಲ್ಲ, ಅವನು ಇವತ್ತಿಗೂ ತಲೆ ತಗ್ಗಿಸ್ತಾನೆ.