ಮಾಳವ್ವನ ಬರಿನೆಲ

ಕುರಿ ಮೇಯುವ ಹುಲ್ಲುಬಯಲಾದ ನೇರಲಕಟ್ಟೆ ಕಾವಲಿನ ಅಂಚಿನಲ್ಲಿ ಪೂಜ್ಯ ಗುರುಪಾದಯ್ಯ ತಾತನವರು ವಾಸವಾಗಿದ್ದ ಗುಡಿಸಲಿಗೆ ಬಾಗಿಲೇ ಇರಲಿಲ್ಲ. ಒಂದು ಕಂಬಳಿ, ಒಂದು ನೀರಿನ ಗಡಿಗೆ, ಇಷ್ಟೇ ಅವರ ಸಂಸಾರ. ಭಕ್ತರು ಮಠ ಕಟ್ಟಿಸುತ್ತೇವೆಂದು ಬಂದರೆ, "ಅಷ್ಟಗಲ ಹುಲ್ಲು ಸಾಯತೈತಲ್ಲಪ್ಪಾ" ಎಂದು ನಕ್ಕು ಕಳಿಸಿಬಿಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಕುರಿಮಂದೆಗಳು ಆ ಕಾವಲಿಗೆ ಇಳಿಯುತ್ತಿದ್ದವು. ಹಾಗೆ ಬರುತ್ತಿದ್ದ ಮಾಳವ್ವನೆಂಬ ಕುರಿಗಾಹಿ ಹೆಂಗಸು, ಒಂದು ವರ್ಷ ತನ್ನ ಏಳು ತಿಂಗಳ ಕೂಸನ್ನು ಜ್ವರಕ್ಕೆ ಕೊಟ್ಟು ಅಲ್ಲಿಯೇ ಮಣ್ಣು ಮಾಡಿದ್ದಳು. ಎಳೆಗೂಸಿನ ಮೇಲೆ ಕಲ್ಲಿಟ್ಟರೆ ಭಾರವಾಗುತ್ತದೆಂಬುದು ಅವಳ ಮನೆಯ ಹಿರಿಯರ ಮಾತು. ಹೀಗಾಗಿ ಅಗೆದ ಬರಿನೆಲವೊಂದೇ ಗುರುತು. ಪ್ರತಿವರ್ಷ ಬಂದವಳೇ ಅಲ್ಲಿ ಮೊಳೆತದ್ದನ್ನೆಲ್ಲ ಬೇರುಸಹಿತ ಕಿತ್ತು ಗುಡಿಸುತ್ತಿದ್ದಳು, ಕುರಿಗಳನ್ನು ಹತ್ತಿರ ಸುಳಿಯಗೊಡುತ್ತಿರಲಿಲ್ಲ. ತಾತನವರ ಸೇವೆಗೆಂದು ಹೋಗಿಬರುತ್ತಿದ್ದ ನಾವು ಅವಳನ್ನು ಹುಚ್ಚಿ ಎಂದೆವು. ಹೆತ್ತ ಕರುಳಿನ ಸಂಕಟ ನಮಗೇನು ಗೊತ್ತು!

ಐದನೆಯ ವರ್ಷ ಮಳೆ ಚೆನ್ನಾಗಿ ಆಗಿತ್ತು. ಬರಿನೆಲದ ತುಂಬ ಸಸಿಗಳೆದ್ದಿದ್ದವು. ಮಟಮಟ ಮಧ್ಯಾಹ್ನ ಮಾಳವ್ವ ಅಳುತ್ತ ಕೀಳುತ್ತಿದ್ದಳು. ತಾತನವರು ತಾವಾಗಿಯೇ ನಡೆದು ಹೋಗಿ ಅವಳೆದುರು ಕುಳಿತರು. ನೀರಿನ ತಂಬಿಗೆ ಹಿಡಿದು ನಾನೂ ಹಿಂದೆ ಹೋಗಿದ್ದೆ.

"ಹುಲ್ಲು ಮುಚ್ಚಿದ್ರ ನನ್ನ ಕೂಸು ಎಲ್ಲೈತಿ ಅಂತ ಹೆಂಗ ಹುಡುಕ್ಲಿ ತಾತಾ?" ಎಂದಳು.

ತಾತನವರು ಅವಳ ಅಂಗೈಯನ್ನು ಬರಿನೆಲದ ಮೇಲೆ ಇರಿಸಿದರು. ಕಾದ ಮಣ್ಣು ಚುರ್ರೆಂದಿತು. ಬಳಿಕ ಅದೇ ಕೈಯನ್ನು ಪಕ್ಕದ ಹುಲ್ಲಿನ ಬುಡಕ್ಕೆ ಒಯ್ದರು. ಅಲ್ಲಿ ತಂಪಿತ್ತು.

"ವರ್ಷಾ ವರ್ಷಾ ಕೂಸಿನ ಹೊದಿಕಿ ಎಳದು ಒಗೀತೀಯಲ್ಲ ಯವ್ವಾ" ಎಂದರು.

ಮಾಳವ್ವನ ಕೈ ನಿಂತಿತು. ಕಿತ್ತ ಸಸಿಗಳನ್ನು ನೋಡಿ, "ಬಿಟ್ರ ಏನಾಗತೈತಿ?" ಎಂದು ಕೇಳಿದಳು.

"ಮೊದಲು ತುಂಬಿ ಗಿಡ ಹೂ ಬಿಡತೈತಿ. ಆಮ್ಯಾಲ ಅಂಚಿನಿಂದ ಗರಿಕಿ ಹಬ್ಬತೈತಿ. ಕುರಿ ಹಾಯಲಿ, ಅವುಗಳ ಹಿಕ್ಕಿಯೊಳಗ ಬೀಜ ಬರತಾವು. ಕಡೀಗೆ ಸುತ್ತಿನ ಹುಲ್ಲ ಬಂದು ಕೂಡತೈತಿ. ಅವಾಗ ನಿನಗ ಗುರುತು ಸಿಗಾಂಗಿಲ್ಲ. ನಾ ಸುಳ್ಳು ಹೇಳಾಂಗಿಲ್ಲ."

ದೊಡ್ಡವರು ಎರಡು ಸಮಾಧಾನದ ಮಾತಾಡಬಾರದಿತ್ತೇ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಮಾಳವ್ವ ಮಾತ್ರ ಕಿತ್ತಿದ್ದ ಸಸಿಗಳನ್ನು ಒಂದೊಂದಾಗಿ ಮತ್ತೆ ಮಣ್ಣಿಗೆ ಊರಿ, ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು ನೀರು ಹನಿಸಿದಳು.

ಮರುವರ್ಷ ಅಲ್ಲಿ ತುಂಬೆ ಬೆಳ್ಳಗೆ ಅರಳಿತ್ತು. ಅವಳು ದಿನವೆಲ್ಲ ಅದರ ಪಕ್ಕದಲ್ಲಿ ಕುಳಿತಿದ್ದಳು. ಅದರಾಚೆ ವರ್ಷ ಗರಿಕೆ ಹೆಣೆದುಕೊಂಡಿತ್ತು. ಕೈಯಾಡಿಸಿ ತಡವಿ ಗುರುತು ಹಿಡಿದಳು. ಮೂರನೆಯ ವರ್ಷ ಬೆಳಗಿನಿಂದ ಸಂಜೆಯವರೆಗೆ ಅಲೆದರೂ ಸಿಗಲಿಲ್ಲ. ಕಾವಲೆಲ್ಲ ಒಂದೇ ಹಸಿರಾಗಿತ್ತು.

"ಎಲ್ಲೈತೋ ತಿಳೀವಲ್ದು ತಾತಾ" ಎಂದು ಬಂದು ಅತ್ತಳು. ತಾತನವರ ಕಣ್ಣಲ್ಲೂ ನೀರು ಬಂದಿತ್ತು.

ಮಾಳವ್ವ ಕಣ್ಣೊರೆಸಿಕೊಂಡು ಎದ್ದಳು. ಮಂದೆಯ ಕಡೆಗೆ ಹೊರಟವಳು ಹುಲ್ಲಿನ ಅಂಚಿನಲ್ಲಿ ನಿಂತು, ಕಾಲಿನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಕೂಸು ಯಾವ ಹುಲ್ಲಿನ ಕೆಳಗೆ ಮಲಗಿದೆಯೋ ತಿಳಿಯದ ಆ ತಾಯಿ, ಅಂದಿನಿಂದ ಬದುಕಿರುವವರೆಗೂ ಇಡೀ ಕಾವಲನ್ನು ಬರಿಗಾಲಲ್ಲೇ ನಡೆದಳು.